ನಕಾಲಾ ಬಂದರಿನ ಸುದ್ದಿ, ಸೇಡಂ ಯಾರ್ಡಿನ ಧಾರಣೆ

ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಸೇಡಂ ಕಡೆ ಬೆಳಗಾಗುವುದೇ ತೊಗರಿಯಿಂದ. ಚಿತ್ತಾಪುರ, ಚಿಂಚೋಳಿ ದಾರಿಯಿಂದ ಟಂಟಂ, ಟ್ರ್ಯಾಕ್ಟರುಗಳು ಚೀಲ ಹೇರಿಕೊಂಡು ಎಪಿಎಂಸಿ ಗೇಟಿನೊಳಗೆ ಬರುತ್ತವೆ. ಅಡತಿ ಅಂಗಡಿ ಮುಂದೆ ಹಮಾಲರು ಚೀಲ ಸುರಿದು ರಾಶಿ ಹಾಕುತ್ತಾರೆ. ಖರೀದಿದಾರ ಒಂದು ಹಿಡಿ ಕಾಳು ಅಂಗೈಗೆ ಹಾಕಿಕೊಂಡು ಊದುತ್ತಾನೆ, ಒಂದನ್ನು ಹಲ್ಲಿಗಿಟ್ಟು ಕಡಿದು ಹಸಿ ಎಷ್ಟಿದೆ ನೋಡುತ್ತಾನೆ, ಮುಖ ಕಹಿ ಮಾಡಿಕೊಳ್ಳುತ್ತಾನೆ. ಮಾಲು ಎಷ್ಟೇ ಚೆನ್ನಾಗಿರಲಿ, ಮುಖ ಕಹಿ ಮಾಡಿಕೊಳ್ಳುವುದು ಅವನ ಕಸುಬಿನ ಭಾಗ.

ಅತ್ತ ಚಹಾದ ಅಂಗಡಿಯಲ್ಲಿ ಕೈಯಿಂದ ಕೈಗೆ ಮೊಬೈಲ್ ದಾಟುತ್ತಿರುತ್ತದೆ. ಪರದೆಯಲ್ಲಿ ಉರಿಯುವ ಟೈರು, ಓಡುವ ಜನ, ಕೆಳಗೆ ಎರಡು ಸಾಲು ಬರಹ.

“ಆಫ್ರಿಕಾದಾಗ ಗಲಾಟಿ ನಡ್ದದಂತಲ್ರೀ ಸಾವಕಾರ್ರೆ, ಅಲ್ಲಿಂದ ಮಾಲ್ ಬರಲ್ಲಂತ. ನಾ ಇನ್ನ ಎಂಟ್ ದಿನ ತಡೀತೀನಿ.”

“ತಡಿಯಪ್ಪ. ಆದ್ರ ನಿನಗ ಹೇಳ್ದವ್ರು ಯಾರು?”

ಸುಗ್ಗಿಯಲ್ಲಿ ಯಾವ ಯಾರ್ಡಿಗೆ ಹೋದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಸಾವಕಾರ ಕೇಳಿದ್ದು ಮಾತ್ರ ಪತ್ರಿಕಾ ವೃತ್ತಿಯ ಮೂಲ ಪ್ರಶ್ನೆ. ದೂರದ ದೇಶದ ರಾಜಕೀಯ ಕಲಹದ ಸುದ್ದಿಯನ್ನು ಬರೆದವರು ಯಾರು? ಅವರಿಗೆ ಹೇಳಿದವರು ಯಾರು? ಹೇಳಿದವರಿಗೆ ಅದರಿಂದ ಏನು ಲಾಭ?

ಮೊಜಾಂಬಿಕ್ ನಮಗೇಕೆ ಬೇಕು

ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುವುದು ರೂಢಿ. ಸುಮಾರು 6 ಲಕ್ಷ ಹೆಕ್ಟೇರ್ ನೆಲದಲ್ಲಿ ತೊಗರಿ ನಿಲ್ಲುತ್ತದೆ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೂ ದೇಶದ ಸಾರಿಗೆ ಬೇಕಾದಷ್ಟು ತೊಗರಿ ದೇಶದಲ್ಲೇ ಬೆಳೆಯುವುದಿಲ್ಲ. ಕೊರತೆ ತುಂಬುವ ದೇಶಗಳಲ್ಲಿ ಮ್ಯಾನ್ಮಾರ್ ಒಂದಾದರೆ ಪೂರ್ವ ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಇನ್ನು ಕೆಲವು.

2016ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಮೊಜಾಂಬಿಕ್ ರಾಜಧಾನಿ ಮಪುಟೊಗೆ ಹೋದಾಗ ಎರಡೂ ದೇಶಗಳ ನಡುವೆ ತೊಗರಿ ಒಪ್ಪಂದವಾಯಿತು. ವರ್ಷಕ್ಕೆ 1 ಲಕ್ಷ ಟನ್ನಿನಿಂದ ಶುರುವಾಗಿ 2 ಲಕ್ಷ ಟನ್ನಿಗೆ ಏರುವ ಆಮದಿನ ಮಾತು ಅದು. ಮುಂದೆ ಅದರ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಯಿತು. ಅಲ್ಲಿ ತೊಗರಿ ಬೆಳೆಯುವವರು ಉತ್ತರದ ನಂಪುಲಾ, ಮಧ್ಯಭಾಗದ ಜಾಂಬೇಜಿಯಾ ಪ್ರಾಂತಗಳ ಸಣ್ಣ ಹಿಡುವಳಿದಾರರು. ಅವರ ಮನೆಯಲ್ಲಿ ತೊಗರಿ ಬೇಳೆಯ ಬಳಕೆ ಕಡಿಮೆ. ಬೆಳೆ ಬಹುಪಾಲು ಭಾರತಕ್ಕಾಗಿಯೇ ಬೆಳೆದದ್ದು. ನಕಾಲಾ ಬಂದರಿನಲ್ಲಿ ಹಡಗು ಹತ್ತುವ ಮಾಲು ನಮ್ಮ ಹೊಸ ಬೆಳೆ ಯಾರ್ಡಿಗೆ ಬರುವ ಮೊದಲೇ ಮುಂಬೈ ಕಡೆ ಬಂದಿಳಿಯುತ್ತದೆ.

ಹೀಗಾಗಿ ಮೊಜಾಂಬಿಕ್‌ನ ರಾಜಕೀಯ ಚಿಂಚೋಳಿಯ ರೈತನಿಗೆ ಹೊರಗಿನ ವಿಷಯವಲ್ಲ. ಆ ದೇಶದ ಬಗ್ಗೆ ಬರುವ ಒಂದು ಸುಳ್ಳು ಸುದ್ದಿ ಅವನ ಹತ್ತು ಚೀಲದ ಲೆಕ್ಕ ತಪ್ಪಿಸಬಲ್ಲದು.

2024ರಲ್ಲಿ ಆಗಿದ್ದೇನು

1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದಾಗಿನಿಂದ ಮೊಜಾಂಬಿಕ್ ಆಳುತ್ತಿರುವುದು ಫ್ರೆಲಿಮೊ ಎಂಬ ಒಂದೇ ಪಕ್ಷ. 2024ರ ಅಕ್ಟೋಬರ್ 9ರಂದು ಚುನಾವಣೆ ನಡೆಯಿತು. ಫ್ರೆಲಿಮೊದ ಡೇನಿಯಲ್ ಶಾಪೊ ಒಂದು ಕಡೆ, ಪೊಡೆಮೊಸ್ ಪಕ್ಷದ ಬೆಂಬಲ ಪಡೆದ ವೆನಾನ್ಸಿಯೊ ಮೊಂಡ್ಲಾನೆ ಇನ್ನೊಂದು ಕಡೆ. ಮತದಾನದಲ್ಲಿ ಅಕ್ರಮವಾಗಿದೆ ಎಂಬ ಕೂಗು ಎದ್ದಿತು. ಅಕ್ಟೋಬರ್ 18ರ ತಡರಾತ್ರಿ ಮೊಂಡ್ಲಾನೆಯ ವಕೀಲ ಎಲ್ವಿನೊ ಡಿಯಾಸ್ ಮತ್ತು ಪೊಡೆಮೊಸ್‌ನ ಪಾಲೊ ಗುವಾಂಬೆ ಅವರನ್ನು ಮಪುಟೊದ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಮೂರು ದಿನ ಬಿಟ್ಟು ಮೊಂಡ್ಲಾನೆ ಪತ್ರಕರ್ತರ ಜತೆ ಮಾತಾಡುತ್ತಿದ್ದಾಗಲೇ ಪೊಲೀಸರು ಅಶ್ರುವಾಯು ಸಿಡಿಸಿದರು. ಕೆಲವು ವರದಿಗಾರರೂ ಗಾಯಗೊಂಡರು.

ಅಕ್ಟೋಬರ್ 24ರ ಘೋಷಣೆಯಲ್ಲಿ ಶಾಪೊಗೆ ಶೇ 70.67 ಮತ. ಡಿಸೆಂಬರ್ 23ರಂದು ಅಲ್ಲಿನ ಸಾಂವಿಧಾನಿಕ ಮಂಡಳಿ ಅದನ್ನು ಶೇ 65.17ಕ್ಕೆ ಇಳಿಸಿ, ಗೆಲುವನ್ನು ಮಾತ್ರ ಎತ್ತಿಹಿಡಿಯಿತು. ಐದು ಚಿಲ್ಲರೆ ಪ್ರತಿಶತ ಎಲ್ಲಿ ಕರಗಿತು ಎಂದು ಕೇಳಬೇಕಾದ ಜಾಗವೇ ಇದು. ಆದರೆ ಹೊರದೇಶಗಳ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಹಿಡಿದದ್ದು ಹೊಗೆಯ ಚಿತ್ರ. ಪ್ರತಿಭಟನೆ, ಗುಂಡು, ಲೂಟಿ ತಿಂಗಳುಗಟ್ಟಲೆ ನಡೆಯಿತು. ಸತ್ತವರು ಮುನ್ನೂರಕ್ಕೂ ಹೆಚ್ಚು ಎಂದಿತು ಅಲ್ಲಿಯ ನಾಗರಿಕ ಸಂಘಟನೆ ‘ಪ್ಲಾಟಫಾರ್ಮಾ ಡಿಸೈಡ್’. ಸರ್ಕಾರದ ಕಡೆಯ ಲೆಕ್ಕ ಇದಕ್ಕಿಂತ ಬಹಳ ಕಡಿಮೆ.

ಕ್ರಿಸ್‌ಮಸ್ ದಿನದ ಘಟನೆಯನ್ನು ತುಸು ಹತ್ತಿರದಿಂದ ನೋಡಬೇಕು. ಮಪುಟೊದ ಜೈಲಿನಿಂದ 1,534 ಕೈದಿಗಳು ಪರಾರಿಯಾದರು, 33 ಮಂದಿ ಸತ್ತರು ಎಂದು ಪೊಲೀಸ್ ಮುಖ್ಯಸ್ಥ ಬರ್ನಾರ್ಡಿನೊ ರಫಾಯೆಲ್ ಹೇಳಿದರು. ಹೊರಗಿದ್ದ ಪ್ರತಿಭಟನಕಾರರೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಅದೇ ಸರ್ಕಾರದ ನ್ಯಾಯ ಸಚಿವೆ ಹೆಲೆನಾ ಕಿಡಾ ಮಾತ್ರ ಗಲಭೆ ಜೈಲಿನ ಒಳಗೇ ಹುಟ್ಟಿದ್ದು, ಹೊರಗಿನ ಪ್ರತಿಭಟನೆಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಒಂದೇ ಸರ್ಕಾರದ ಬಾಯಿಂದ ಎರಡು ಮಾತು. ಮೊದಲನೆಯದನ್ನಷ್ಟೇ ಅಚ್ಚು ಹಾಕಿ ಮಲಗಿದ ಪತ್ರಿಕೆ ಬರೆದಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಓದುಗನ ತಲೆಯಲ್ಲಿ ಉಳಿದದ್ದು ‘ಪ್ರತಿಭಟನಕಾರರು ಜೈಲು ಒಡೆದರು’ ಎಂಬ ಚಿತ್ರ. ರಾಜಕೀಯ ಕಲಹದ ವರದಿಗಾರಿಕೆಯಲ್ಲಿ ಪ್ರಾಮಾಣಿಕತೆ ಸೋಲುವುದು ಹೆಚ್ಚಾಗಿ ಹೀಗೇ. ಸುಳ್ಳು ಬರೆಯುವವರು ಕಡಿಮೆ, ಅರ್ಧಕ್ಕೆ ನಿಲ್ಲಿಸುವವರು ಬಹಳ.

ಮುಚ್ಚಿದ್ದು ಯಾವ ಬಾಗಿಲು

ಆ ನವೆಂಬರ್‌ನಲ್ಲಿ ಮೊಜಾಂಬಿಕ್‌ನ ಗಡಿ ಮುಚ್ಚಿತು ಎಂಬ ಸುದ್ದಿಯೂ ಬಂತು. ನಿಜವೇ. ಮುಚ್ಚಿದ್ದು ದಕ್ಷಿಣ ಆಫ್ರಿಕಾ ಕಡೆಗಿನ ರೆಸಾನೊ ಗಾರ್ಸಿಯಾ ಗೇಟು. ಅದು ದೇಶದ ದಕ್ಷಿಣದ ತುದಿಯಲ್ಲಿ, ಮಪುಟೊ ಹತ್ತಿರ. ತೊಗರಿ ಹಡಗೇರುವ ನಕಾಲಾ ಇರುವುದು ಉತ್ತರದಲ್ಲಿ. ಮಪುಟೊದಿಂದ ಅಲ್ಲಿಗಿರುವ ದೂರ ಕಲಬುರಗಿಯಿಂದ ದಿಲ್ಲಿಗಿರುವುದಕ್ಕಿಂತ ಹೆಚ್ಚು. ಮುಚ್ಚಿದ ಗೇಟಿಗೂ ತೊಗರಿಯ ದಾರಿಗೂ ನೇರ ಸಂಬಂಧವೇ ಇಲ್ಲ. ಹಾಗೆಂದು ಉತ್ತರ ಶಾಂತವಾಗಿತ್ತೆಂದೇನಲ್ಲ, ನಂಪುಲಾದಲ್ಲೂ ಗುಂಡು ಹಾರಿತ್ತು. ಆದರೆ ‘ಮೊಜಾಂಬಿಕ್ ಗಡಿ ಬಂದ್’ ಎಂಬ ತಲೆಬರಹ ಓದಿದವನಿಗೆ ಈ ಭೂಗೋಳ ಯಾರು ಹೇಳಬೇಕು?

ಮತ್ತೊಂದು ಸಂಗತಿ. ಮಪುಟೊ ಉರಿಯುತ್ತಿದ್ದ ಅದೇ ಸುಗ್ಗಿಯಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ಧಾರಣೆ ಏರಲಿಲ್ಲ, ಇಳಿಯಿತು. ಹೊಸ ಬೆಳೆ ಬಂದಿತ್ತು, ಸುಂಕವಿಲ್ಲದ ಆಮದು ನಡೆದೇ ಇತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇದ್ದುದಕ್ಕೆ ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಬೇಕಾಯಿತು. ಆಫ್ರಿಕಾದ ಗಲಾಟೆ ನಂಬಿ ಚೀಲ ಹಿಡಿದಿಟ್ಟವರಿಗೆ ಈ ಪಾಠ ಅಗ್ಗಕ್ಕೆ ಸಿಗಲಿಲ್ಲ.

ಸುದ್ದಿ ನಡೆದು ಬರುವ ದಾರಿ

ನಂಪುಲಾದ ಹಳ್ಳಿಯವನು ಮಖುವಾ ಭಾಷೆಯಲ್ಲಿ ಹೇಳಿದ್ದನ್ನು ಅಲ್ಲಿಯ ಪತ್ರಕರ್ತ ಪೋರ್ಚುಗೀಸ್‌ನಲ್ಲಿ ಬರೆಯುತ್ತಾನೆ. ಅಂತರರಾಷ್ಟ್ರೀಯ ಸುದ್ದಿಸಂಸ್ಥೆ ಅದನ್ನು ಇಂಗ್ಲಿಷ್‌ಗೆ ತರುತ್ತದೆ. ನಮ್ಮ ಸುದ್ದಿಸಂಸ್ಥೆಗಳ ಮೂಲಕ ಅದು ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಡೆಸ್ಕಿಗೆ ಇಳಿಯುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಉಪಸಂಪಾದಕನಿಗೆ ಸಿಕ್ಕಿರುವುದು ವಿದೇಶ ಪುಟದ ಮೂಲೆಯಲ್ಲಿ ನೂರು ಪದದ ಜಾಗ. ತೂತು ಬಿದ್ದ ಚೀಲದಂತೆ ಸುದ್ದಿ ದಾರಿಯುದ್ದಕ್ಕೂ ಉದುರಿಸಿಕೊಂಡೇ ಬಂದಿರುತ್ತದೆ. ಎಲ್ಲಕ್ಕಿಂತ ಮೊದಲು ಉದುರುವುದು ‘ಎಂದು ಇಂಥವರು ಹೇಳಿದರು’ ಎಂಬ ಭಾಗ. ಮರುದಿನ ಅದೇ ಸುದ್ದಿಯ ಫೋಟೊ ತೆಗೆದು ಯಾರೋ ಗ್ರೂಪಿಗೆ ಹಾಕುವಾಗ ಊರಿನ ಹೆಸರು, ದಿನಾಂಕವೂ ಹೋಗಿ ಬರೀ ‘ಆಫ್ರಿಕಾ’ ಉಳಿಯುತ್ತದೆ. 54 ದೇಶಗಳಿರುವ ಖಂಡ ಒಂದು ತಾಲ್ಲೂಕಿನಷ್ಟಾಗುತ್ತದೆ.

ಉಪಸಂಪಾದಕನ ಜಾಗದ ಕೊರತೆಯನ್ನು ನಾನು ದೂರುವುದಿಲ್ಲ. ದೂರಬೇಕಾದದ್ದು ಆ ನೂರು ಪದದಲ್ಲಿ ಕಾಣುವ ಖಚಿತ ಸ್ವರವನ್ನು.

ವಾಣಿಜ್ಯ ಪುಟದ ಕಥೆ ಬೇರೆ. ಅಲ್ಲಿ ಮೂಲ ಹೆಚ್ಚಾಗಿ ಆಮದುದಾರರು, ದಲ್ಲಾಳಿಗಳು, ಬೇಳೆ ಮಿಲ್ಲಿನವರು. 2023ರ ಕೊನೆಯಲ್ಲಿ ಎರಡು ವ್ಯಾಪಾರಿ ಸಂಸ್ಥೆಗಳ ಕೋರ್ಟ್ ವ್ಯಾಜ್ಯದಿಂದ ನಕಾಲಾದಲ್ಲಿ ಭಾರತಕ್ಕೆ ಬರಬೇಕಿದ್ದ ಮಾಲು ಸಿಕ್ಕಿಬಿದ್ದಾಗಲೂ ಸುದ್ದಿ ಹೇಳಿದವರಲ್ಲಿ ಹೆಚ್ಚಿನವರು ವ್ಯಾಪಾರದಲ್ಲಿ ಪಾಲುಳ್ಳವರೇ. ಪಾಲುಳ್ಳವರು ಸುಳ್ಳೇ ಹೇಳುತ್ತಾರೆ ಎಂದಲ್ಲ. ಅವರಿಗೆ ಪಾಲಿದೆ ಎಂಬುದನ್ನು ಓದುಗನಿಗೆ ತಿಳಿಸುವುದು ಪತ್ರಿಕೆಯ ಕರ್ತವ್ಯ, ಅಷ್ಟೆ.

ಇನ್ನು ಚಿತ್ರಗಳು. ಆಫ್ರಿಕಾದ ಬಗ್ಗೆ ಹೊರಗಿನವರು ಬರೆಯುವ ಸಿದ್ಧ ಶೈಲಿಯನ್ನು ಕೆನ್ಯಾದ ಲೇಖಕ ಬಿನ್ಯವಾಂಗಾ ವೈನೈನಾ 2005ರಲ್ಲಿ ಒಂದು ವ್ಯಂಗ್ಯ ಪ್ರಬಂಧದಲ್ಲಿ ಜಾಡಿಸಿದ್ದರು. ಕಲಬುರಗಿಯವರಿಗೆ ಆ ಸಿಟ್ಟು ಬೇಗ ಅರ್ಥವಾಗುತ್ತದೆ. ನಮ್ಮ ಭಾಗದ ಯಾವ ಸುದ್ದಿಗೂ ರಾಜಧಾನಿಯ ಪತ್ರಿಕೆ ಬಿರುಕು ಬಿಟ್ಟ ನೆಲ, ತಲೆ ಮೇಲೆ ಕೊಡ, ಗುಳೆ ಹೊರಟ ಗಂಟುಮೂಟೆ ಇಷ್ಟನ್ನೇ ಹುಡುಕುತ್ತದಲ್ಲವೇ?

ನಾವೂ ಒಮ್ಮೆ ದೂರದ ನಾಡು

1948ರ ಮಾತು. ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯವು. ಹೊರಗಿನ ಪತ್ರಿಕೆಗಳಿಗೆ ಈ ನೆಲ ಇಂದಿನ ಮೊಜಾಂಬಿಕ್‌ನಷ್ಟೇ ಅಪರಿಚಿತ. ಸುದ್ದಿ ಬರುತ್ತಿದ್ದುದು ಎರಡೇ ಬಾಯಿಂದ. ಒಂದು ಕಡೆ ನಿಜಾಮನ ಸರ್ಕಾರ ಮತ್ತು ಅದರ ಡೆಕ್ಕನ್ ರೇಡಿಯೊ, ಇನ್ನೊಂದು ಕಡೆ ಭಾರತ ಸರ್ಕಾರ ಹಾಗೂ ಸಂಸ್ಥಾನ ಭಾರತಕ್ಕೆ ಸೇರಬೇಕೆನ್ನುವ ಗಡಿಯಾಚೆಯ ಹೋರಾಟದ ಶಿಬಿರಗಳು. ಎರಡಕ್ಕೂ ಗೆಲ್ಲಬೇಕಾದ ಯುದ್ಧವಿತ್ತು.

ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಮುಖಂಡ, ಲಾತೂರಿನ ವಕೀಲ ಕಾಸಿಂ ರಜ್ವಿಯ ಭಾಷಣದ ಪ್ರಸಂಗ ನೋಡಿ. ಬಂಗಾಳ ಕೊಲ್ಲಿಯ ಅಲೆಗಳು ನಿಜಾಮನ ಪಾದ ತೊಳೆಯುವ ದಿನ ದೂರವಿಲ್ಲ ಎಂಬ ಅರ್ಥದ ಮಾತುಗಳು 1948ರ ಏಪ್ರಿಲ್‌ನಲ್ಲಿ ಭಾರತದ ಪತ್ರಿಕೆಗಳಲ್ಲಿ ಬಂದು ದೇಶ ಕೆರಳಿತು. ಹೈದರಾಬಾದ್ ಕಡೆಯವರು ಆ ವರದಿಯನ್ನೇ ಅಲ್ಲಗಳೆದರು. ರಜ್ವಿಯ ಬಾಯಿ ಎಂಥದೆಂದು ಬಲ್ಲವರಿಗೆ ವರದಿ ನಂಬುವುದು ಸುಲಭವಾಗಿತ್ತು. ನಂಬಲು ಸುಲಭವಾದ ವರದಿಯನ್ನೇ ಹೆಚ್ಚು ಒರೆಗೆ ಹಚ್ಚಬೇಕು, ಆದರೆ ಅಂಥ ಹೊತ್ತಿನಲ್ಲಿ ಆ ತಾಳ್ಮೆ ಯಾರಿಗೂ ಇರುವುದಿಲ್ಲ.

ಸುದ್ದಿ ಹಳಿ ಹಿಡಿದೇ ಓಡಾಡುತ್ತಿತ್ತು. 1948ರ ಮೇ 22ರಂದು ಗಾಣಗಾಪುರ ಸ್ಟೇಷನ್ನಿನಲ್ಲಿ ಮದ್ರಾಸ್–ಬಾಂಬೆ ಮೇಲ್ ಗಾಡಿಯ ಮೇಲೆ ದಾಳಿಯಾದದ್ದು ದೇಶದ ತುಂಬ ಸುದ್ದಿಯಾಯಿತು. ಅದು ಇದೇ ವಾಡಿ, ಶಹಾಬಾದ್ ಹಾದು ಹೋಗುವ ಗಾಡಿ. ಪ್ರಯಾಣಿಕರಿದ್ದರು, ಸಾಕ್ಷಿಗಳಿದ್ದರು, ಗಾಡಿ ಊರು ತಲುಪಿತು, ಜನ ಬಾಯಿ ಬಿಟ್ಟರು. ಹಳಿಯಿಂದ ಹತ್ತು ಹರದಾರಿ ಒಳಗಿನ ಹಳ್ಳಿಯಲ್ಲಿ ಏನಾಯಿತೆಂದು ಬರೆಯಲು ಯಾರು ಹೋದರು? ಚಿಂಚೋಳಿಗೆ ಆಗ ರೈಲಿರಲಿಲ್ಲ, ಇಂದಿಗೂ ಇಲ್ಲ.

ಒಳಗಿದ್ದುಕೊಂಡೇ ಸತ್ಯ ಬರೆದವರಲ್ಲಿ ಶೋಯೆಬುಲ್ಲಾ ಖಾನ್ ಹೆಸರು ದೊಡ್ಡದು. ಹೈದರಾಬಾದಿನ ಉರ್ದು ದಿನಪತ್ರಿಕೆ ‘ಇಮ್ರೋಜ್’ ಸಂಪಾದಕರು. ರಜಾಕಾರರನ್ನು ಹದ್ದುಬಸ್ತಿನಲ್ಲಿಡಬೇಕು, ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಕೆಲವು ಮುಸ್ಲಿಂ ಗಣ್ಯರೇ ಕೊಟ್ಟ ಹೇಳಿಕೆಯನ್ನು ಅವರು ಪ್ರಕಟಿಸಿದರು. 1948ರ ಆಗಸ್ಟ್ 21ರ ನಡುರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ಅವರನ್ನು ಕೊಂದರು. ಬರೆಯುವ ಕೈಯನ್ನೇ ಕತ್ತರಿಸಿದ್ದರು. ಅವರಿಗಾಗ 27 ವರ್ಷ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮ ಶರಣಾದ. ಪತ್ರಿಕೆಗಳ ಕಥೆ ಅಲ್ಲಿಗೆ ಮುಗಿಯಿತು. ಹಳ್ಳಿಗಳ ಕಥೆ ಮುಗಿಯಲಿಲ್ಲ. ರಜಾಕಾರರ ಲೂಟಿ, ಕೊಲೆಗಳಿಗೆ ಪ್ರತಿಯಾಗಿ, ಅವುಗಳಿಗೆ ಸಂಬಂಧವೇ ಇಲ್ಲದ ಮುಸ್ಲಿಮರ ಮೇಲೆ ಹಲವೆಡೆ ಹಿಂಸೆ ನಡೆಯಿತು. ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇದ್ದ ಸದ್ಭಾವನಾ ನಿಯೋಗವೊಂದು ಆ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸುತ್ತಿತು. ಸುಂದರಲಾಲ್ ಅಲಹಾಬಾದಿನಲ್ಲಿ ‘ಕರ್ಮಯೋಗಿ’ ಪತ್ರಿಕೆ ನಡೆಸಿದ್ದವರು, ಗಫಾರ್ ಹೈದರಾಬಾದಿನ ‘ಪಯಾಮ್’ ಪತ್ರಿಕೆ ಕಟ್ಟಿದವರು. ಇಬ್ಬರೂ ಪತ್ರಕರ್ತರು.

ಅವರು ವರದಿ ಬರೆದ ರೀತಿ ಇಂದಿಗೂ ಪಾಠ. 16 ಜಿಲ್ಲೆಗಳಲ್ಲಿ ತಾವು ನೋಡಿದ್ದು 9 ಎಂದು ಹೇಳಿಕೊಂಡರು. 21 ಪಟ್ಟಣ, 23 ಹಳ್ಳಿಗೆ ಹೋದದ್ದು, ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದು ಬರೆದರು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಎನ್ನುವಾಗ ಅದು ಅಂದಾಜು ಎಂದೇ ಹೇಳಿದರು. ಹೆಚ್ಚು ಪೆಟ್ಟು ತಿಂದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕೇ ಜಿಲ್ಲೆಗಳಲ್ಲಿ ರಜಾಕಾರರ ಹಾವಳಿಯೂ ವಿಪರೀತವಾಗಿತ್ತೆಂದು ಅದೇ ವರದಿ ದಾಖಲಿಸಿತು. ಮುಸ್ಲಿಂ ನೇಕಾರರನ್ನು ಕಾಪಾಡಲು ಹೋಗಿ ಪ್ರಾಣ ತೆತ್ತ ಹಿಂದೂ ನೇಕಾರರನ್ನೂ ಅದು ಮರೆಯಲಿಲ್ಲ.

ಸರ್ದಾರ್ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದಶಕಗಟ್ಟಲೆ ಅದು ಕಡತದಲ್ಲೇ ಕೂತಿತು. 2013ರಲ್ಲಿ ಎ.ಜಿ. ನೂರಾನಿ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿದ ಮೇಲೆ ಸಾಮಾನ್ಯ ಓದುಗನ ಕೈಗೆ ಬಂತು. 2019ರಿಂದ ‘ಕಲ್ಯಾಣ ಕರ್ನಾಟಕ ಉತ್ಸವ’ ಎನ್ನಿಸಿಕೊಂಡಿರುವ ಸೆಪ್ಟೆಂಬರ್ 17ರಂದು ಪ್ರತಿ ವರ್ಷ ನಮ್ಮ ಪತ್ರಿಕೆಗಳು ವಿಶೇಷ ಪುರವಣಿ ತರುತ್ತವೆ. ಶಿಬಿರಗಳ ಸಾಹಸ, ರಜಾಕಾರರ ಕ್ರೌರ್ಯ ಅಲ್ಲಿರುತ್ತವೆ, ಇರಬೇಕಾದ್ದೇ. ನಂತರದ ತಿಂಗಳುಗಳನ್ನೂ ಅದೇ ಪುಟದಲ್ಲಿ ಅಚ್ಚು ಹಾಕುವ ಸಂಪಾದಕರು ಬೆರಳೆಣಿಕೆಯಷ್ಟು.

ರೇಡಿಯೊ ಆಯುಧವಾದಾಗ

ಸುದ್ದಿಯವರೇ ಕಲಹಕ್ಕಿಳಿದರೆ ಏನಾಗುತ್ತದೆ ಎಂಬುದಕ್ಕೆ ರವಾಂಡಾ ಸಾಕ್ಷಿ. 1993ರಲ್ಲಿ ಶುರುವಾದ ಆರ್‌ಟಿಎಲ್‌ಎಂ ಎಂಬ ರೇಡಿಯೊ ಹಾಡು, ಹರಟೆಯ ನಡುವೆ ಅಲ್ಲಿಯ ಟುಟ್ಸಿ ಸಮುದಾಯದವರನ್ನು ಜಿರಲೆ ಎಂದು ಕರೆಯಿತು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನದಲ್ಲಿ 8 ಲಕ್ಷದಷ್ಟು ಜನ ಸತ್ತರು. ರೇಡಿಯೊದ ಇಬ್ಬರು ಸ್ಥಾಪಕರು ಮತ್ತು ‘ಕಂಗುರಾ’ ಪತ್ರಿಕೆಯ ಸಂಪಾದಕ ಅಪರಾಧಿಗಳೆಂದು 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪಿತ್ತಿತು. ಹೊರಗಿನ ಪತ್ರಿಕೆಗಳ ಪಾಪ ಬೇರೆ ಬಗೆಯದು. ಯೋಜಿಸಿ ನಡೆಸಿದ ಹತ್ಯಾಕಾಂಡವನ್ನು ಮೊದಮೊದಲು ಅವು ಬುಡಕಟ್ಟು ಜಗಳವೆಂದು ಬರೆದವು. ಅದೇ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಚುನಾವಣೆ ಇತ್ತು, ವರದಿಗಾರರ ದಂಡು ಅತ್ತ ಹೋಗಿತ್ತು.

ಬೆಲೆ ತೆರುವವರು ಊರಿನವರೇ

ವಿಮಾನದಲ್ಲಿ ಬಂದಿಳಿದ ವರದಿಗಾರ ವಾಪಸ್ ಹೋಗುತ್ತಾನೆ. ಊರಿನ ಪತ್ರಕರ್ತ ಅಲ್ಲೇ ಇರಬೇಕು. ಬ್ಯಾಂಕ್ ಹಗರಣದ ಬೆನ್ನು ಹತ್ತಿದ್ದ ‘ಮೆಟಿಕಲ್’ ಸಂಪಾದಕ ಕಾರ್ಲೋಸ್ ಕಾರ್ಡೊಸೊ ಅವರನ್ನು 2000ದ ನವೆಂಬರ್ 22ರಂದು ಮಪುಟೊದಲ್ಲೇ ಗುಂಡಿಟ್ಟು ಕೊಂದರು. ಉತ್ತರದ ಕಾಬೊ ಡೆಲ್ಗಾಡೊದಲ್ಲಿ 2017ರಿಂದ ಉಗ್ರರ ದಂಗೆ ನಡೆದಿದೆ. ಅಲ್ಲಿಯ ಪಾಲ್ಮಾದ ಸಮುದಾಯ ರೇಡಿಯೊದ ಇಬ್ರೈಮೊ ಎಂಬರುಕೊ 2020ರ ಏಪ್ರಿಲ್ 7ರಂದು, ಸೈನಿಕರು ತನ್ನನ್ನು ಸುತ್ತುವರಿದಿದ್ದಾರೆ ಎಂದು ಸಹೋದ್ಯೋಗಿಗೆ ಸಂದೇಶ ಕಳಿಸಿದ ಮೇಲೆ ಕಾಣೆಯಾದರು. ಶೋಯೆಬುಲ್ಲಾ ಖಾನ್ ಸಾಲಿನವರು ಇವರು. ನಮಗೆ ತಲುಪುವ ಸುದ್ದಿಯಲ್ಲಿ ಇವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಅತ್ತಲಿಂದ ನೋಡಿದರೆ

2017ರ ಆರಂಭದಲ್ಲಿ ನಮ್ಮಲ್ಲಿ ತೊಗರಿ ಉಕ್ಕಿ, 5,050 ರೂಪಾಯಿ ಬೆಂಬಲ ಬೆಲೆಗೆ ಖರೀದಿ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ನಮ್ಮ ರೈತನ ದೃಷ್ಟಿಯಿಂದ ಬೇಕಾದ ಕ್ರಮವೇ. ಆದರೆ ಭಾರತವನ್ನು ನಂಬಿ ಬಿತ್ತಿದ್ದ ಮೊಜಾಂಬಿಕ್ ರೈತರ ಧಾರಣೆ ನೆಲಕಚ್ಚಿತು. ಅದನ್ನು ಕನ್ನಡದಲ್ಲಿ ಓದಿದವರು ಎಷ್ಟು ಜನ? ಆಫ್ರಿಕಾದಲ್ಲಿ ಹೊಗೆ ಎದ್ದಾಗ ಮಾತ್ರ ಸುದ್ದಿ, ನಮ್ಮ ನಿರ್ಧಾರದಿಂದ ಅಲ್ಲಿಯವನ ಹೊಟ್ಟೆ ಮೇಲೆ ಹೊಡೆತ ಬಿದ್ದಾಗ ಸುದ್ದಿಯಲ್ಲ ಎನ್ನುವುದೂ ಪ್ರಾಮಾಣಿಕತೆಯ ಕೊರತೆಯೇ.

ಕನ್ನಡ ಪತ್ರಿಕೆಗಳು ಮಪುಟೊದಲ್ಲಿ ವರದಿಗಾರನನ್ನು ಇಡಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ತೊಗರಿ ಧಾರಣೆ ಅಚ್ಚು ಹಾಕುವ ಪತ್ರಿಕೆ ತೊಗರಿ ಬರುವ ದೇಶದ ಸುದ್ದಿ ಹಾಕುವಾಗ ಯಾವ ಊರು, ಯಾವ ದಿನ, ಹೇಳಿದವರು ಯಾರು, ಅವರ ವ್ಯಾಪಾರ ಏನು ಎಂಬುದನ್ನು ಬರೆಯಲು ಎರಡು ಸಾಲು ಸಾಕು. ಆ ಎರಡು ಸಾಲು ಇಲ್ಲದ ಸುದ್ದಿ ಕಂಡರೆ ಸಂಪಾದಕರಿಗೆ ಪತ್ರ ಬರೆಯಿರಿ. ಧಾರಣೆ ತಪ್ಪಾಗಿ ಅಚ್ಚಾದರೆ ಫೋನ್ ಮಾಡಿ ಬೈಯುವ ನೀವು ಇದಕ್ಕೂ ಒಂದು ಫೋನ್ ಮಾಡಬಹುದು.